ತಿದ್ದಿದವರ ಹೆಸರು

ಕನ್ನಡದ ಯಾವುದೇ ಪುಸ್ತಕದ ‘ಲೇಖಕರ ಮಾತು’ ತೆರೆದರೂ ಕೊನೆಯ ಅರ್ಧ ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮುನ್ನುಡಿ ಬರೆದುಕೊಟ್ಟ ಹಿರಿಯರು, ಬೆನ್ನುಡಿಯಲ್ಲಿ ಹರಸಿದವರು, ಪ್ರಕಾಶಕರು, ಮುಖಪುಟದ ಕಲಾವಿದರು, ಡಿಟಿಪಿ ಮಾಡಿದವರು, ಕರಡಚ್ಚು ನೋಡಿದ ಗೆಳೆಯರು, ಮನೆಯವರು, ಎಲ್ಲರಿಗೂ ವಂದನೆ. ಒಳ್ಳೆಯ ರೂಢಿ. ಪುಸ್ತಕ ಒಬ್ಬರಿಂದಾಗುವ ಕೆಲಸವಲ್ಲವೆಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಆ ಸಾಲಿನಲ್ಲಿ ಒಬ್ಬರು ಸಾಮಾನ್ಯವಾಗಿ ಕಾಣುವುದಿಲ್ಲ: ಹಸ್ತಪ್ರತಿ ಓದಿ ‘ಈ ಅಧ್ಯಾಯ ಬೇಡ, ತೆಗೆದುಬಿಡಿ’ ಎಂದವರು. ‘ಕೊನೆಗೆ ಇವಳು ಊರು ಬಿಟ್ಟು ಹೋಗುವುದನ್ನು ನಾನು ನಂಬಲಾರೆ’ ಎಂದವರು. ಇದ್ದರೂ ‘ಸಲಹೆ ಸೂಚನೆ ನೀಡಿದ ಎಲ್ಲರಿಗೂ’ ಎಂಬ ಗುಂಪಿನೊಳಗೆ ಸೇರಿಹೋಗಿರುತ್ತಾರೆ. ನಮ್ಮ ಸಾಹಿತ್ಯದ ಕೃತಜ್ಞತೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಕೊರತೆ ಎನ್ನಲು ಕಾರಣವಿದೆ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವೇ ಇನ್ನೊಬ್ಬರ ಕಣ್ಣು ಬೇಕು ಎನ್ನುತ್ತದೆ. ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕಾವ್ಯದ ಗುಣಗಳನ್ನು ಹೇಳುವಷ್ಟೇ ಆಸ್ಥೆಯಿಂದ ದೋಷಗಳನ್ನೂ ವಿವರಿಸುತ್ತದೆ. ಕಣ್ಣಿಗೆ ತನ್ನ ಕಾಡಿಗೆ ಕಾಣದು, ಹಾಗೆಯೇ ಕವಿಗೆ ತನ್ನ ದೋಷ ಕಾಣದು, ಆದ್ದರಿಂದ ಬೇರೆಯವರಿಗೆ ತೋರಿಸಿ ಕಾವ್ಯ ಹೇಳಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಈ ಮಾತಿನಲ್ಲಿ ವಿನಯದ ನಟನೆ ಇಲ್ಲವೆಂಬುದು ನನಗೆ ಮುಖ್ಯ. ಕವಿ ದಡ್ಡನಾದ್ದರಿಂದ ತಪ್ಪು ಕಾಣುವುದಿಲ್ಲ ಎಂದು ಅದು ಹೇಳುತ್ತಿಲ್ಲ. ಎಷ್ಟು ಜಾಣನಾದರೂ ಕಾಣದು, ಅವನು ನಿಂತಿರುವ ಜಾಗವೇ ಅಂಥದ್ದು ಎನ್ನುತ್ತಿದೆ. ಹಾಗಿದ್ದ ಮೇಲೆ ತೋರಿಸಿಕೊಟ್ಟವರ ಋಣವೂ ಸಣ್ಣದಲ್ಲ.

ಆದರೆ ಆಮೇಲೆ ಬಂದ ಕವಿಗಳು ಈ ಋಣವನ್ನು ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ. ರನ್ನ 993ರಲ್ಲಿ ‘ಅಜಿತಪುರಾಣ’ ಬರೆದಾಗ, ಬರೆಸಿದ ಅತ್ತಿಮಬ್ಬೆಯನ್ನು ಮನಸಾರೆ ಕೊಂಡಾಡಿದ. ಅದೇ ರನ್ನ ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟೆದೆ ಇದೆಯೇ ಎಂದು ಸವಾಲು ಹಾಕಿದ. ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆ ಎಂದ ಕುಮಾರವ್ಯಾಸ. ಅವರ ಪ್ರತಿಭೆಗೆ ಆ ಹೆಮ್ಮೆ ಒಪ್ಪುತ್ತದೆ. ಆದರೆ ಪೋಷಕರಿಗೆ ಹೊಗಳಿಕೆ, ಪರೀಕ್ಷಕರಿಗೆ ಸವಾಲು ಎಂಬ ಈ ಪಾಲು ಅಂದಿನಿಂದ ನಮ್ಮಲ್ಲಿ ಉಳಿದೇ ಬಂದಿದೆ.

ಇಂದಿನ ಪುಸ್ತಕ ಬಿಡುಗಡೆ ಸಮಾರಂಭವನ್ನೇ ನೋಡಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿಯುವುದು, ಆಮೇಲೆ ‘ಕೃತಿ ಪರಿಚಯ’. ಅಂದು ವೇದಿಕೆಯ ಮೇಲೆ ಪುಸ್ತಕವನ್ನು ಪೂರ್ತಿ ಓದಿಕೊಂಡು ಬಂದವರು ಬಹುಶಃ ಪರಿಚಯಿಸುವವರು ಒಬ್ಬರೇ. ಎಷ್ಟೋ ಕಡೆ ಅವರು ಮಾತಾಡುವ ಮೊದಲೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಕೊಟ್ಟಿರುತ್ತಾರೆ. ಮುಂದಿನ ಸಾಲಿನಲ್ಲಿ ಲೇಖಕರ ತಂದೆ-ತಾಯಿ, ದೂರದ ಊರಿಂದ ಬಂದ ನೆಂಟರು ಕೂತಿರುತ್ತಾರೆ. ಕಾದಂಬರಿಯ ಎರಡನೆಯ ಭಾಗ ಸಡಿಲವಾಗಿದೆ ಎಂದು ಆ ಹೊತ್ತಿನಲ್ಲಿ ಹೇಳುವುದು ಯಾರಿಗೂ ಸುಲಭವಲ್ಲ. ಹೇಳದಿದ್ದವರನ್ನು ನಾನು ದೂರುವುದೂ ಇಲ್ಲ. ಮಾತು ಹುಟ್ಟುವ ಮೊದಲೇ ಸಲ್ಲಿಸಿದ ವಂದನೆ ಆ ಮಾತನ್ನು ಕಟ್ಟಿಹಾಕಿರುತ್ತದೆ. ಓದಿದವರಿಗೆ ಗೌರವ ಸಲ್ಲಬೇಕಾದ್ದೇ. ಅವರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ಸಲ್ಲಲಿ.

ಪತ್ರಿಕೆಯ ಪುಸ್ತಕ ವಿಮರ್ಶೆಗೂ ಇದೇ ಸಂಕೋಚ ಅಂಟಿಕೊಂಡಿದೆ. ‘ಅಲ್ಲಲ್ಲಿ ಇಣುಕುವ ಮುದ್ರಣದೋಷಗಳನ್ನು ಬಿಟ್ಟರೆ ಇದೊಂದು ಸಂಗ್ರಹಯೋಗ್ಯ ಕೃತಿ’ ಎಂಬ ವಾಕ್ಯವನ್ನು ಓದದ ಕನ್ನಡಿಗರಿಲ್ಲ. ಲೇಖಕರಿಗೆ ನೋವಾಗದಂಥ ತಪ್ಪು ಎಂದರೆ ಅಚ್ಚಿನ ತಪ್ಪೊಂದೇ. ಇದರಿಂದ ಹೆಚ್ಚು ನಷ್ಟವಾಗುವುದು ಹೊಸಬರಿಗೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹ ಧನ ಕೊಡುತ್ತದೆ. ಕೈಯಿಂದ ದುಡ್ಡು ಹಾಕಿ ಮೊದಲ ಪುಸ್ತಕ ತರುವವರೂ ಇದ್ದಾರೆ. ಅಚ್ಚು ಹೇಗೋ ಆಗುತ್ತದೆ. ಎರಡನೆಯ ಪುಸ್ತಕ ಮೊದಲಿನದಕ್ಕಿಂತ ಮೇಲಾಗಲು ಬೇಕಾದ ಒಂದು ನೇರ ಮಾತು ಮಾತ್ರ ಸಿಗುವುದಿಲ್ಲ. ಅಪರೂಪಕ್ಕೆ ಸಿಕ್ಕರೂ ‘ತುಂಬಾ ಧನ್ಯವಾದ ಸರ್, ಮುಂದಿನ ಮುದ್ರಣದಲ್ಲಿ ಗಮನಿಸುತ್ತೇನೆ’ ಎಂಬ ಉತ್ತರದಲ್ಲಿ ಮಾತುಕತೆ ಮುಗಿದುಹೋಗುತ್ತದೆ. ‘ಯಾವ ಪುಟದಲ್ಲಿ ನಿಮಗೆ ಹಾಗನ್ನಿಸಿತು?’ ಎಂದು ಮರುಪ್ರಶ್ನೆ ಕೇಳುವ ಲೇಖಕರು ಹೇಳಿದವರಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಡುತ್ತಾರೆ.

ನೇರ ಮಾತು ಹೇಳುವವರಿಗೂ ಒಂದು ಋಣವಿದೆ, ಅದನ್ನು ಮರೆತ ವಿಮರ್ಶೆ ಒರಟಾಗುತ್ತದೆ. ಒಬ್ಬರು ವರ್ಷಗಟ್ಟಲೆ ಬರೆದದ್ದನ್ನು ನಾವು ಎರಡು ಸಂಜೆಗಳಲ್ಲಿ ಓದಿ ಮುಗಿಸಿರುತ್ತೇವೆ. ಆ ಓದಿನಲ್ಲಿ ನಮಗೆ ದಕ್ಕಿದ್ದೇನು ಎಂದು ಹೇಳದೆ ದೋಷಕ್ಕೆ ಕೈ ಹಾಕುವ ಹಕ್ಕು ನಮಗಿಲ್ಲವೆಂದೇ ನನ್ನ ನಂಬಿಕೆ. ಕಹಿ ಗುಳಿಗೆಗೆ ಬೆಲ್ಲ ಸವರುವ ಉಪಾಯವಾಗಿ ಇದನ್ನು ಹೇಳುತ್ತಿಲ್ಲ. ‘ಸಂತೆಯಲ್ಲಿ ಅಜ್ಜಿ ಏನೂ ಮಾತಾಡದೆ ಖಾಲಿ ಚೀಲ ಮಡಚಿಕೊಳ್ಳುವ ಕಡೆ ಕತೆ ನನ್ನನ್ನು ಹಿಡಿದು ನಿಲ್ಲಿಸಿತು, ಮುಂದಿನ ಎರಡು ಪುಟ ಅದನ್ನೇ ವಿವರಿಸುವುದರಿಂದ ಆ ಹಿಡಿತ ಸಡಿಲವಾಯಿತು’ ಎಂದು ಒಬ್ಬರು ಬರೆದರೆ, ಮೆಚ್ಚುಗೆ ಮತ್ತು ತಿದ್ದುಪಡಿ ಒಂದೇ ಕಡೆಯಿಂದ ಹೊರಟಿರುತ್ತವೆ. ಮೊದಲರ್ಧವಿಲ್ಲದೆ ಎರಡನೆಯದು ಅರ್ಥವೇ ಆಗದು. ದಕ್ಕಿದ್ದು ಏನೂ ಇಲ್ಲದಿದ್ದರೆ ಸುಳ್ಳು ಹೊಗಳಿಕೆ ಕಟ್ಟುವ ಬದಲು ಆ ಪುಸ್ತಕವನ್ನು ಬೇರೆ ಓದುಗರಿಗೆ ಬಿಟ್ಟುಕೊಡುವುದು ಲೇಸು.

ಒಂದು ಟೀಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಧಾರವಾಡದ ಉದಾಹರಣೆಯಿದೆ. ಅಲ್ಲಿನ ಮನೋಹರ ಗ್ರಂಥಮಾಲೆ 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು ಪ್ರಕಟಿಸಿತು. ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂಬರ್ಥದ ಮಾತು ಬರೆದಿದ್ದರು. ಇಡೀ ಕನ್ನಡ ರಂಗಭೂಮಿಗೆ ಹೇಳಿದ ಟೀಕೆ ಅದು. ಕಾರ್ನಾಡರು ಅದನ್ನು ತಮಗೇ ಹೇಳಿದ್ದೆಂಬಂತೆ ತೆಗೆದುಕೊಂಡರು. 1964ರಲ್ಲಿ ‘ತುಘಲಕ್’ ಬಂತು. ಆ ನಾಟಕಕ್ಕೆ ಪ್ರೇರಣೆ ಕುರ್ತಕೋಟಿಯವರ ಮಾತು ಎಂದು ಅವರು ಮುಂದೆಯೂ ಹೇಳಿಕೊಂಡರು. ಹೆಸರು ಹಿಡಿದು, ಇಂಥ ಮಾತು ಎಂದು ಎತ್ತಿ ಹೇಳಿದ್ದರಿಂದ, ಒಬ್ಬ ವಿಮರ್ಶಕನ ಅತೃಪ್ತಿಯೂ ನಾಟಕವೊಂದಕ್ಕೆ ಬೀಜವಾಗಬಲ್ಲದೆಂದು ಇವತ್ತಿಗೂ ನಮಗೆ ಗೊತ್ತಿದೆ.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರಲ್ಲಿ ಈ ಶಿಸ್ತು ಸಹಜವಾಗಿತ್ತು. ಒಂದೇ ಪದದ ಪಾಠವನ್ನು ತಿದ್ದಿ ಸೂಚಿಸಿದವರ ಹೆಸರೂ ಅಡಿಟಿಪ್ಪಣಿಯಲ್ಲಿ ಬರುತ್ತಿತ್ತು. ಕತೆ, ಕಾದಂಬರಿಗಳಲ್ಲಿ ಅಡಿಟಿಪ್ಪಣಿಗೆ ಜಾಗವಿಲ್ಲ ನಿಜ. ಆದರೆ ಎರಡನೆಯ ಮುದ್ರಣಕ್ಕೆ ಬರೆಯುವ ಮಾತು ಇದೆಯಲ್ಲ! ಈಗ ಅದು ‘ಓದುಗರ ಪ್ರೀತಿಗೆ ಋಣಿ’ ಎಂಬಲ್ಲಿಗೆ ನಿಲ್ಲುತ್ತದೆ. ಯಾವ ಓದುಗರು ಯಾವ ತಪ್ಪು ತೋರಿಸಿದರು, ಯಾವುದನ್ನು ಬದಲಿಸಿದ್ದೇನೆ, ಯಾರ ಮಾತನ್ನು ಯೋಚಿಸಿಯೂ ಒಪ್ಪದೆ ಹಾಗೇ ಉಳಿಸಿಕೊಂಡಿದ್ದೇನೆ ಎಂಬಿಷ್ಟನ್ನು ಲೇಖಕರು ಅಲ್ಲಿ ಬರೆಯಬಹುದು. ಇದಕ್ಕೆ ಒಂದು ಪುಟ ಸಾಕು. ಪ್ರಕಾಶಕರು ಆ ಪುಟವನ್ನು ಲೇಖಕರಿಂದ ಕೇಳಿ ಪಡೆಯಲಿ.