ಬೆರಳ ತುದಿಯ ಕೆಂಪು ಬೆಳಕು

ಕಲಬುರಗಿ ಜಿಲ್ಲೆಯ ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಯ ಗೊನೆ ಹೊತ್ತು ದಿಬ್ಬ ಏರುವವರ ಎದೆ ತಿದಿಯಂತೆ ಏರಿಳಿಯುತ್ತದೆ. ಮೇಲೆ ನಿಲ್ಲಿಸಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ನೋಡಿ: ನಾಡಿ 140 ದಾಟಿದ್ದರೂ, ಆಳು ಗಟ್ಟಿಮುಟ್ಟಾಗಿದ್ದರೆ, ರಕ್ತದ ಆಮ್ಲಜನಕದ ಅಂಕಿ ಶೇ. 97ರ ಆಸುಪಾಸು ಬಿಟ್ಟು ಕದಲುವುದಿಲ್ಲ. ನನಗೆ ಬೆರಗು ಅದೇ. ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಸಾಕೆನ್ನುವ ದೇಹ, ದುಡಿಮೆಯಲ್ಲಿ ಅದರ ಹತ್ತು ಪಟ್ಟು ಕೇಳಬಲ್ಲದು. ಹೃದಯ ನಿಮಿಷಕ್ಕೆ 5 ಲೀಟರ್ ಬದಲು 15–20 ಲೀಟರ್ ರಕ್ತ ತಳ್ಳುತ್ತದೆ. ಇನ್ನು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಜಾಣತನ ನೋಡಿ! ದುಡಿಯುವ ಸ್ನಾಯು ಬಿಸಿಯಾಗಿ ಆಮ್ಲೀಯವಾದಂತೆ ಅದು ಹಿಡಿತ ಸಡಿಲಿಸಿ, ಬೇಕಾದಲ್ಲೇ ಹೆಚ್ಚು ಆಮ್ಲಜನಕ ಇಳಿಸುತ್ತದೆ.

ರಕ್ತದ ಈ ಆಮ್ಲಜನಕವನ್ನು ಸೂಜಿ ಚುಚ್ಚದೆ, ನಾಡಿಮಿಡಿತದಿಂದ ಅಳೆಯುವ ದಾರಿಯನ್ನು 1974ರಲ್ಲಿ ತೋರಿಸಿದವರು ಜಪಾನಿನ ತಕುವೊ ಅಯೊಯಾಗಿ. ಬೆರಳಿನೊಳಗೆ ಹಾಯುವುದು ಎರಡು ಬೆಳಕು: ಕಾಣುವ ಕೆಂಪು, ಕಾಣದ ಅವಕೆಂಪು. ಆಮ್ಲಜನಕ ತುಂಬಿದ ರಕ್ತ ಕೆಂಪನ್ನು ಹೆಚ್ಚು ಹಾಯಗೊಡುತ್ತದೆ, ಬರಿದಾದದ್ದು ಹೀರುತ್ತದೆ. ಚರ್ಮ, ಮೂಳೆಗಳೂ ಬೆಳಕು ನುಂಗುತ್ತವೆ, ಆದರೆ ಮಿಡಿಯುವುದು ಅಪಧಮನಿಯ ರಕ್ತ. ಮಿಡಿದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದದ್ದು ಅವರ ಪ್ರತಿಭೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡ ಕಲಬುರಗಿಗೆ ಈ ಪುಟ್ಟ ಡಬ್ಬಿಯ ಬೆಲೆ ಹೇಳಿಕೊಡಬೇಕಿಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ ತುಂಬಿದರೆ ಹೃದಯ ಎಷ್ಟು ಓಡಿದರೂ ರಕ್ತಕ್ಕೆ ಆಮ್ಲಜನಕ ಸಾಲದು. ಕೋವಿಡ್ ತಗುಲಿದ ಕೆಲವರಿಗೆ ಏದುಸಿರು ಬರುವ ಮೊದಲೇ ಅಂಕಿ ಇಳಿದಿರುತ್ತಿತ್ತು.

ಉಗುರುಬಣ್ಣ, ತಣ್ಣನೆಯ ಬೆರಳು ಈ ಡಬ್ಬಿಯನ್ನು ಏಮಾರಿಸುತ್ತವೆ. ಬೆರಳುಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವತನಕ ಕಾಯಿರಿ. 94ಕ್ಕಿಂತ ಕೆಳಗೇ ನಿಂತರೆ ತಡಮಾಡದೆ ವೈದ್ಯರನ್ನು ಕಾಣಿರಿ.