ಬೇಲಿಯ ಕಾರೆ

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿ ಎಂದರೆ ಹೊರಗಿನವರ ಕಣ್ಣಿಗೆ ಕಬ್ಬು, ಭತ್ತ, ತೆಂಗು. ನೀರು ಹತ್ತದ ದಿಣ್ಣೆ, ಹೊಲದ ಬದುಗಳ ಸಿರಿ ಬೇರೆಯೇ ಇದೆ. ಈ ಸೀಮೆಯ ಕಾರೆ ಗಿಡ ಅಂಥದ್ದು.

ಒಂದು ಕೊಂಬೆ ಬಗ್ಗಿಸಿ ನೋಡಿ. ಗೆಣ್ಣಿನ ಎರಡೂ ಕಡೆ ಎದುರುಬದುರಾಗಿ ಚೂಪು ಮುಳ್ಳು, ಅದರ ಆಸರೆಯಲ್ಲೇ ಪುಟ್ಟ ಎಲೆಗಳ ಗೊಂಚಲು, ಹಸಿರು ಬೆರೆತ ಹಳದಿ ಹೂ. ಕಾಯಿ ಹಸಿರು, ಮಾಗಿದರೆ ಹಳದಿ. ತಿರುಳು ಕಡಿಮೆ, ಬೀಜವೇ ಹೆಚ್ಚು. ಆದರೂ ಆ ಚೂರು ಸಿಹಿಗಾಗಿ ದನ ಕಾಯುವ ಹುಡುಗರು ಕೈ ತರಚಿಸಿಕೊಂಡರು. ಸಸ್ಯಶಾಸ್ತ್ರದಲ್ಲಿ ಇದು ಕ್ಯಾಂಥಿಯಂ ಕೊರೊಮ್ಯಾಂಡೆಲಿಕಂ, ಕಾಫಿಯ ಕುಟುಂಬದ್ದು. ಬಯಲುಸೀಮೆಯ ಮಕ್ಕಳು ಕೊಡಗಿನ ಬೆಳೆಯ ನೆಂಟನನ್ನು ಬೇಲಿಯಲ್ಲೇ ತಿಂದು ಬೆಳೆದರು!

ನಾಟಿ ವೈದ್ಯದಲ್ಲಿ ಭೇದಿ, ಆಮಶಂಕೆಗೆ ಎಲೆ ಮತ್ತು ಬೇರಿನ ಕಷಾಯ. ಜಂತುಹುಳಕ್ಕೂ ಇದರ ಬೇರು ಮದ್ದು. ಎಲೆಯನ್ನು ಸೊಪ್ಪಾಗಿ ಬೇಯಿಸಿ ಉಣ್ಣುವುದೂ ಉಂಟು. ಈ ತಿಳಿವಳಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಭೇದಿಯಿಂದ ಸೊರಗಿದ ಮಗುವಿಗೆ ಮೊದಲು ಬೇಕಾದದ್ದು ಓಆರ್‌ಎಸ್ ನೀರು ಮತ್ತು ಡಾಕ್ಟರು. ಕಷಾಯ ಅದರ ಜಾಗ ತುಂಬದು.

ಈಗ ಬೇಲಿಗೆ ಕಲ್ಲುಕಂಬ, ತಂತಿಯ ಕಾಲ. ಜೆಸಿಬಿ ಒಮ್ಮೆ ಬದು ಸವರಿದರೆ ಕಾರೆ ಬುಡಸಮೇತ ಹೋಗುತ್ತದೆ. ತಂತಿ ದನವನ್ನು ತಡೆದೀತು. ಹಕ್ಕಿಗೆ ಹಣ್ಣು, ಆಡಿಗೆ ಸೊಪ್ಪು, ಮನೆಗೆ ಮದ್ದು ಕೊಡುವ ಬೇಲಿ ಮಾತ್ರ ಕಾರೆಯದೇ. ಹೊಲದ ಮೂಲೆಯಲ್ಲಿ ನಾಲ್ಕು ಗಿಡ ಉಳಿಸಿಕೊಂಡವರನ್ನು ಕಂಡರೆ ನನಗೆ ಅಭಿಮಾನ.