ಕಾಫಿ ಕುಡಿಯುವುದು ಮೂಗು

ಕಾಫಿಪುಡಿಯಲ್ಲಿ ಚಿಕೋರಿ ಎಷ್ಟಿರಬೇಕೆಂಬ ಜಗಳವನ್ನು ಈ ವಾರ ತೀರಿಸಬೇಕಿತ್ತು. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಕಾಫಿಯ ರುಚಿ ಗೊತ್ತಾಗುವುದು ನಾಲಿಗೆಗೋ ಮೂಗಿಗೋ? ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ. ನಾಲಿಗೆಯ ಬಂಡವಾಳ ಇಷ್ಟೇ. ಹುರಿದ ಕಾಫಿಬೀಜದಲ್ಲಿ ಗುರುತಿಸಿರುವ ಆವಿಯಾಗುವ ಸಂಯುಕ್ತಗಳೋ 800ಕ್ಕೂ ಹೆಚ್ಚು. ಅವುಗಳಲ್ಲಿ ಪರಿಮಳಕ್ಕೆ ಮುಖ್ಯವಾದವನ್ನು ಹಿಡಿಯುವುದು ಮೂಗೊಂದೇ, ಅದೂ ಎರಡು ದಾರಿಯಲ್ಲಿ: ಗುಟುಕಿಗೆ ಮುಂಚೆ ಹೊಳ್ಳೆಗಳಿಂದ, ಗುಟುಕಿಳಿದ ಮೇಲೆ ಗಂಟಲಿನ ಹಿಂಬದಿಯಿಂದ. ಎರಡನೆಯದು ಬಾಯೊಳಗೇ ನಡೆದಂತೆ ತೋರುವುದರಿಂದ ಕೀರ್ತಿಯೆಲ್ಲ ನಾಲಿಗೆಗೆ ಸಲ್ಲುತ್ತದೆ. ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ. ಕಹಿ, ಸಿಹಿ, ಬಿಸಿ, ಇಷ್ಟೇ ಸಿಗುತ್ತವೆ. ಬೆರಳು ಬಿಟ್ಟೊಡನೆ ಕಾಫಿ ಮರಳುತ್ತದೆ. 2020ರ ಕೋವಿಡ್ ಕಾಲದಲ್ಲಿ ಬಾಯಿರುಚಿ ಹೋಯಿತೆಂದು ದೂರಿದ ಅನೇಕರು ನಿಜವಾಗಿ ಕಳೆದುಕೊಂಡದ್ದು ವಾಸನೆಯನ್ನು.

ಹಾಲೂ ಚಿಕೋರಿಯೂ ಕಾಫಿಗೆ ಶತ್ರುಗಳೆನ್ನುವ ಹೊಸ ಕಪ್ಪುಕಾಫಿ ಪಂಥದವರು ಇಲ್ಲಿ ಕೇಳುತ್ತಾರೆ: ಮೂಗೇ ಮುಖ್ಯವಾದರೆ ಹಾಲೇಕೆ? ಹಾಲಿನ ಜಿಡ್ಡು ಪರಿಮಳದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಅದಕ್ಕೆ ನಮ್ಮ ಉತ್ತರ ಗಟ್ಟಿ ಡಿಕಾಕ್ಷನ್. ಚಿಕ್ಕಮಗಳೂರು, ಕೊಡಗಿನ ಬೀಜವನ್ನು ಕಡುವಾಗಿ ಹುರಿದರೆ ಅದು ಹಾಲಿಗೆ ಸೋಲುವುದಿಲ್ಲ. ಹುರಿದ ಚಿಕೋರಿ ಬೇರಿಗೂ ಸುಟ್ಟ ಸಕ್ಕರೆಯ ಘಮವಿದೆ, ಅದು ಡಿಕಾಕ್ಷನ್ನಿಗೆ ಮೈ ಕೊಡುತ್ತದೆ. ಮಿತಿ ಮೀರಿದರೆ ಕಾಫಿಯನ್ನೇ ನುಂಗುತ್ತದೆ. ಕಾನೂನು ನೂರಕ್ಕೆ 49ರವರೆಗೆ ಬಿಟ್ಟರೂ 20 ದಾಟಿದ್ದನ್ನು ನನ್ನ ಮೂಗು ಒಪ್ಪದು. ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ಯುವುದರಿಂದ ಕಾಫಿ ಹದಕ್ಕೆ ಆರುತ್ತದೆ, ಜೊತೆಗೆ ನೊರೆಯ ಗುಳ್ಳೆಗಳು ಒಡೆದಾಗೆಲ್ಲ ಘಮ ಹೊರಬೀಳುತ್ತದೆ.

ಕಪ್ಪುಕಾಫಿಯವರೂ ಮೂಗನ್ನು ಬಲ್ಲವರೇ, ಅವರೊಡನೆ ರಾಜಿಯಾಗಬಹುದು. ರಾಜಿಯಾಗಲಾರದ್ದು ಪ್ಲಾಸ್ಟಿಕ್ ಮುಚ್ಚಳದ ಕಾಗದದ ಕಪ್ಪಿನೊಡನೆ. ಸಣ್ಣ ತೂತಿನಿಂದ ಹೀರುವಾಗ ಮೂಗಿನ ಮೊದಲ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಗಂಟಲಿನ ದಾರಿ ತೆರೆದೇ ಇದೆಯಲ್ಲ ಎನ್ನಬಹುದು. ಇದೆ, ಆದರೆ ಬಾಯಲ್ಲಿ ನೀರೂರಿಸಿ ನಮ್ಮನ್ನು ಗುಟುಕಿಗೆ ಅಣಿಗೊಳಿಸುವುದು ಮೊದಲೇ ಬರುವ ಪರಿಮಳ. ಬಿಸಿಯ ಅಂದಾಜನ್ನು ಕೊಡುವುದೂ ಮುಖಕ್ಕೆ ತಾಗುವ ಹಬೆಯೇ. ಪ್ರಯಾಣದಲ್ಲಿ ಚೆಲ್ಲದಿರಲು ಮುಚ್ಚಳ ಬೇಕು, ಒಪ್ಪೋಣ. ಕುಳಿತು ಕುಡಿಯುವವರಿಗೂ ಮುಚ್ಚಿ ಕೊಡುವುದು ಮಾತ್ರ ಅನ್ಯಾಯ. ಬೆಳೆದವರ, ಹುರಿದವರ, ಪುಡಿ ಮಾಡಿದವರ ಶ್ರಮದ ದೊಡ್ಡ ಪಾಲು ಇರುವುದು ಆ ಹಬೆಯಲ್ಲಿ. ನಾವು ದುಡ್ಡು ಕೊಡುವುದೂ ಅದಕ್ಕೇ. ಲೋಟದಲ್ಲೇ ಕೊಡಿ ಎಂದು ಕೇಳಿ ಪಡೆಯುವುದು ಕಾಫಿ ಕುಡಿಯುವವರ ಹಕ್ಕು.